ಒಂದ್ಸಲ ನೋಡ್ಬೋದು

ಶುಕ್ರವಾರ ಬಂತೆಂದರೆ ನನಗೆ ಎಲ್ಲಿಲ್ಲದ ಬೆಲೆ. ಉಳಿದ ದಿನಗಳಲ್ಲಿ ನಾನು ತಮಿಳುನಾಡು ಗಡಿಯ ಬಾಗಲೂರು ಹತ್ತಿರದ ಒಂದು ಗುಲಾಬಿ ತೋಟದ ಪ್ಯಾಕಿಂಗ್ ಶೆಡ್ಡಿನ ಮೇಸ್ತ್ರಿ. ಹೂವಿನ ಕಡ್ಡಿಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಮಾಡಿಸಿ ಕಟ್ಟು ಕಟ್ಟಿಸುವುದು ನನ್ನ ಕೆಲಸ, ಮತ್ತು ನನ್ನ ಮಾತನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಶುಕ್ರವಾರ ಮಾತ್ರ ಎಲ್ಲರಿಗೂ ನಾನೇ ಬೇಕು. "ಅಣ್ಣಾ, ಇಂದ ವಾರಂ ಎನ್ನ ಪಡಂ?" ಎಂದು ಕಟ್ಟು ಕಟ್ಟುವ ಹೆಂಗಸರು ತಮಿಳಿನಲ್ಲಿ ಕೇಳುತ್ತಾರೆ. ಹೂವಿನ ಗಾಡಿಯ ಡ್ರೈವರು ಅದನ್ನೇ ತೆಲುಗಿನಲ್ಲಿ ಕೇಳುತ್ತಾನೆ, ಟೀ ಅಂಗಡಿಯವನು ಕನ್ನಡದಲ್ಲಿ. ಮನೆಯಲ್ಲೇ ಕಾಲು ಚಾಚಿಕೊಂಡು ನೋಡಲು ಈ ವಾರ ಯಾವ ಹೊಸ ಸಿನಿಮಾ ಬಂದಿದೆ, ಯಾವುದಕ್ಕೆ ಭಾನುವಾರದ ಮಧ್ಯಾಹ್ನವನ್ನು ಕೊಡಬಹುದು, ಯಾವುದಕ್ಕೆ ಕೊಟ್ಟರೆ ದಂಡ, ಇದನ್ನೆಲ್ಲ ನಾನು ಹೇಳಬೇಕು.

ನನ್ನ ಬಳಿ ಮೂರು ತೀರ್ಪು ಇದ್ದವು. ತುಂಬ ಚೆನ್ನಾಗಿದ್ದರೆ "ಬಿಡಬೇಡಿ". ಕೆಟ್ಟದಾಗಿದ್ದರೆ "ಈರುಳ್ಳಿ ಹೆಚ್ಚುತ್ತಾ ನೋಡಿ", ಹೇಗೂ ಕಣ್ಣೀರು ಬರುತ್ತದಲ್ಲ ಎಂದು. ಇವೆರಡರ ನಡುವಿನದಕ್ಕೆಲ್ಲ "ಒಂದ್ಸಲ ನೋಡ್ಬೋದು". ಈ ಕೊನೆಯದು ನನಗೆ ಬಹಳ ಉಪಕಾರ ಮಾಡಿದ ಮಾತು. ಸಿನಿಮಾ ಪೂರ್ತಿ ನೋಡಿರದಿದ್ದರೂ ಅದನ್ನು ಧೈರ್ಯವಾಗಿ ಹೇಳಬಹುದು, ಯಾರೂ ಜಗಳಕ್ಕೆ ಬರುವುದಿಲ್ಲ. ಎಷ್ಟೋ ಸಿನಿಮಾಗಳನ್ನು ಮೊದಲ ಇಪ್ಪತ್ತು ನಿಮಿಷ ನೋಡಿ ನಿದ್ದೆ ಹೋಗಿ, ಮಾರನೆಯ ದಿನ ಒಂದ್ಸಲ ನೋಡ್ಬೋದು ಎಂದು ಹೇಳಿದ್ದೇನೆ. ಆ ಮಾತಿನ ಹಿಂದೆ ಅಡಗಿಕೊಳ್ಳಬಹುದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಸ್ವಂತ ಅಣ್ಣ ಅದರ ಹಿಂದೆ ಅಡಗಿಕೊಂಡಾಗ ನನಗೆ ತಿಳಿಯಲಿಲ್ಲ.

ಅಣ್ಣ ಇರುವುದು ಉದ್ದನಪಲ್ಲಿಯ ನಮ್ಮ ಹಳೆಯ ಮನೆಯಲ್ಲಿ, ಅತ್ತಿಗೆ ಮತ್ತು ಹೈಸ್ಕೂಲು ಓದುವ ಮಗಳ ಜೊತೆ. ಒಂದಿಷ್ಟು ಹೊಲವಿದೆ, ಟೊಮ್ಯಾಟೊ ಮತ್ತು ರಾಗಿ ಬೆಳೆಯುತ್ತಾರೆ. ಅಣ್ಣ ಐಟಿಐ ಓದಿ ಹೊಸೂರಿನ ಒಂದು ಕಾರ್ಖಾನೆ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ತಗಡನ್ನು ಒತ್ತಿ ಗಾಡಿಯ ಭಾಗಗಳನ್ನು ಮಾಡುವ ದೊಡ್ಡ ದೊಡ್ಡ ಪ್ರೆಸ್ಸುಗಳ ವಿಭಾಗ ಅವನದು. ತಗಡಿಗೆ ಆಕಾರ ಕೊಡುವ ಉಕ್ಕಿನ ಅಚ್ಚಿಗೆ ಅಲ್ಲಿ ಡೈ ಎನ್ನುತ್ತಾರೆ, ಆ ಡೈ ಕೂರಿಸುವವನು ಅಣ್ಣ. ಡೈ ಸವೆಯತೊಡಗಿದರೆ ಪ್ರೆಸ್ಸಿನ ಏಟಿನ ಸದ್ದು ಕೂದಲೆಳೆಯಷ್ಟು ಬದಲಾಗುತ್ತದಂತೆ. ಅದನ್ನು ಕೇಳಿ ಹೇಳಬಲ್ಲವನು ಅವನೊಬ್ಬನೇ ಎಂದು ಬೇರೆ ಶಿಫ್ಟಿನವರೂ ಅವನನ್ನು ಕರೆಸುತ್ತಿದ್ದರು.

ಸಿನಿಮಾ ವಿಷಯದಲ್ಲೂ ಅವನ ಕಿವಿ ಹಾಗೆಯೇ ಇತ್ತು. ನಮ್ಮ ಕಡೆಯವರಿಗೆ ಸಿನಿಮಾ ಶುರು ಮಾಡುವ ಮೊದಲು ಭಾಷೆಯ ಜಗಳ ಮುಗಿಯಬೇಕು. ಅಮ್ಮ ನಮ್ಮನ್ನು ಬೈದದ್ದು ಕನ್ನಡದಲ್ಲಿ, ಅಪ್ಪ ಸಂತೆಯಲ್ಲಿ ವ್ಯಾಪಾರ ಮಾಡಿದ್ದು ತೆಲುಗಿನಲ್ಲಿ, ಐದನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ಮೇಲೆ ಮೇಷ್ಟ್ರು ನಮಗೆ ಹೊಡೆದದ್ದು ತಮಿಳಿನಲ್ಲಿ. ಈಗ ಒಂದೇ ಸಿನಿಮಾ ನಾಲ್ಕೈದು ಭಾಷೆಯಲ್ಲಿ ಮನೆಗೆ ಬರುತ್ತದೆ, ರಿಮೋಟು ಒತ್ತಿದರೆ ಬಾಯಿ ಒಬ್ಬರದು ಮಾತು ಇನ್ನೊಬ್ಬರದು. ನನಗೆ ಯಾವುದಾದರೂ ಸರಿಯೇ. ಅಣ್ಣನಿಗೆ ಆಗದು. ಸಿನಿಮಾ ಯಾವ ಭಾಷೆಯಲ್ಲಿ ಹುಟ್ಟಿತೋ ಅದೇ ಭಾಷೆಯಲ್ಲಿ ನೋಡಬೇಕು. "ಡಬ್ಬಿಂಗ್ ಅಂದ್ರೆ ಬೇರೆಯವ್ರ ಹಲ್ಲಿನ್ ಸೆಟ್ ಹಾಕ್ಕಂಡು ಕಡ್ಲೆ ತಿಂದಂಗೆ ಕಣ್ಲಾ" ಎನ್ನುತ್ತಿದ್ದ.

ಭಾನುವಾರ ಸಂಜೆ ಅವನ ಫೋನು ಬರುತ್ತಿತ್ತು. ನಾನು ಹೇಳಿದ ಸಿನಿಮಾವನ್ನು ಹಿಡಿದು ಜಾಲಾಡುತ್ತಿದ್ದ. ಯಾವ ಮಾತು ಎಲ್ಲಿ ಜೊಳ್ಳಾಯಿತು, ಯಾವನು ಮಂಡ್ಯದವನಂತೆ ನಟಿಸುತ್ತಾ ಬೆಂಗಳೂರಿನವನಂತೆ ಮಾತಾಡಿದ, ಧರ್ಮಪುರಿ ಕಡೆಯ ತಮಿಳು ಹೇಗೆ ಬರಬೇಕಿತ್ತು, ಎಲ್ಲವನ್ನೂ ಅದೇ ದನಿಯಲ್ಲಿ ಆಡಿ ತೋರಿಸುತ್ತಿದ್ದ. ನಾನು ಅರ್ಧ ನೋಡಿ ಹೇಳಿದ್ದು ಅವನಿಗೆ ಮಾತ್ರ ಸಿಕ್ಕಿಬೀಳುತ್ತಿತ್ತು. "ಕಳ್ಳ ನನ್ಮಗ್ನೆ, ಕೊನೆ ನೋಡಿಲ್ಲ ಅಲ್ವಾ ನೀನು?" ಎಂದು ನಗುತ್ತಿದ್ದ. ನಾವಿಬ್ಬರು ಬೇರೆ ಯಾವ ಸುಖದುಃಖವನ್ನೂ ಬಾಯಿಬಿಟ್ಟು ಮಾತಾಡಿಕೊಂಡವರಲ್ಲ. ಅಪ್ಪ ಹೋದಾಗಲೂ ಇಲ್ಲ, ಅಮ್ಮ ಹೋದಾಗಲೂ ಇಲ್ಲ. ನಮ್ಮ ನಡುವೆ ಇದ್ದ ಮಾತೆಂದರೆ ಇದೇ ಸಿನಿಮಾ ಮಾತು.

ಆ ಫೋನು ಯಾವಾಗ ನಿಂತಿತು ಎಂದು ನನಗೆ ಸರಿಯಾಗಿ ನೆನಪಿಲ್ಲ. ಮೊದಲು ಚಿಕ್ಕದಾಯಿತು, ಆಮೇಲೆ ಫೋನಿನ ಬದಲು ಮೆಸೇಜು ಬರತೊಡಗಿತು. ಆಮೇಲೆ ಏನು ಹೇಳಿದರೂ ಒಂದೇ ಉತ್ತರ, ನನ್ನದೇ ಮಾತು ನನಗೆ ವಾಪಸು: "ಒಂದ್ಸಲ ನೋಡ್ಬೋದು." ನಾನು ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅತ್ತಿಗೆಯ ಕೈಯಲ್ಲಿ "ಕೆಲಸದಲ್ಲವ್ರೆ" ಎಂದು ಹೇಳಿಸುತ್ತಿದ್ದ.

ನನಗೆ ಮೂಗಿನ ತುದಿಯಲ್ಲೇ ಕೋಪ. ಅಣ್ಣನಿಗೆ ದೊಡ್ಡಸ್ತಿಕೆ ಬಂದಿದೆ, ಹೂವಿನ ಮೇಸ್ತ್ರಿಯ ಜೊತೆ ಏನು ಮಾತು ಎಂದುಕೊಂಡಿದ್ದಾನೆ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಪರೀಕ್ಷೆ ಮಾಡೋಣವೆಂದು ಒಂದು ಸಲ ಈರುಳ್ಳಿಗೂ ಲಾಯಕ್ಕಿಲ್ಲದ ಸಿನಿಮಾವನ್ನು "ಬಿಡಬೇಡ ಅಣ್ಣಾ" ಎಂದು ಹೊಗಳಿ ಕಳಿಸಿದೆ. ಭಾನುವಾರ ಉತ್ತರ ಬಂತು: "ಚೆನ್ನಾಗೈತೆ. ಒಂದ್ಸಲ ನೋಡ್ಬೋದು." ನನ್ನ ಪಿತ್ತ ನೆತ್ತಿಗೇರಿತು. "ನಿಂಗೆ ಸಿನಿಮಾ ಹೇಳೋದು ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ" ಎಂದು ಬರೆದು ಕಳಿಸಿದೆ. ಅದಕ್ಕೆ ಅವನು ಕೈಮುಗಿಯುವ ಚಿತ್ರವೊಂದನ್ನು ಕಳಿಸಿದ. ಆ ಮೆಸೇಜನ್ನು ಆಮೇಲೆ ಅಳಿಸಿದೆ, ಆದರೆ ಅವನು ಓದಿದ್ದನ್ನು ಹೇಗೆ ಅಳಿಸಲಿ?

ಸಿಟ್ಟು ಇಳಿದ ಮೇಲೆ ರಾಜಿಗೆಂದು ಒಂದು ಒಳ್ಳೆಯ ತೆಲುಗು ಸಿನಿಮಾ ಹುಡುಕಿ ಹೇಳಿದೆ. ಇಡೀ ಸಿನಿಮಾದಲ್ಲಿ ಇಬ್ಬರು ಮುದುಕರು ಒಂದು ಲಾರಿಯಲ್ಲಿ ಕೂತು ಮಾತಾಡುತ್ತಾರೆ, ಅಷ್ಟೇ. ಹೊಡೆದಾಟವಿಲ್ಲ, ಹಾಡಿಲ್ಲ, ಮಾತೇ ಎಲ್ಲ. ಅಪ್ಪ ಸಂತೆಯಲ್ಲಿ ಆಡುತ್ತಿದ್ದ ತೆಲುಗು ಅದು. "ತೆಲುಗಲ್ಲೇ ನೋಡು ಕಣಣ್ಣಾ, ಅಪ್ಪ ನೆನಪಾಗ್ತಾನೆ" ಎಂದು ಬರೆದೆ. ಎಂದಿನ ಉತ್ತರ ಬಂತು. ಈ ಸಲ ಬಿಡಬಾರದು, ಎದುರಿಗೇ ಕೇಳಬೇಕು ಎಂದು ಮುಂದಿನ ರಜೆಯ ದಿನ ಬೆಳಿಗ್ಗೆಯೇ ಗಾಡಿ ಹತ್ತಿ ಉದ್ದನಪಲ್ಲಿಗೆ ಹೋದೆ.

ಅಣ್ಣ ಟೀವಿಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಮಗಳು ಪಕ್ಕದಲ್ಲಿದ್ದಳು. ನಾನು ರಿಮೋಟು ತೆಗೆದುಕೊಂಡು ಆ ಲಾರಿಯ ಸಿನಿಮಾ ಹಾಕಿದೆ, ಬೇಕಾದ ಜಾಗಕ್ಕೆ ಓಡಿಸಿ ಒಂದು ಮಾತಿನ ಬಗ್ಗೆ ಅವನನ್ನು ಹಿಡಿಯೋಣವೆಂದು. ಮುದುಕರು ಮಾತಾಡತೊಡಗಿದರು. ಹಿಂದಿಯಲ್ಲಿ. ಆ ಟೀವಿಯಲ್ಲಿ ಹೊಸ ಸಿನಿಮಾಗಳೆಲ್ಲ ಹಿಂದಿಯಲ್ಲೇ ಶುರುವಾಗುವ ರೋಗವಿತ್ತು, ನಾವೇ ಭಾಷೆ ಬದಲಿಸಿಕೊಳ್ಳಬೇಕಿತ್ತು. ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತಿದ್ದವು. "ನನ್ನ ಇಂಗ್ಲಿಷ್ ಚೆನ್ನಾಗ್ಲಿ ಅಂತ ಅಪ್ಪ ಯಾವಾಗ್ಲೂ ಅಕ್ಷರ ಹಾಕಿಸ್ತದೆ ಚಿಕ್ಕಪ್ಪಾ" ಎಂದು ಮಗಳು ಹೆಮ್ಮೆಯಿಂದ ಹೇಳಿದಳು.

ನಮ್ಮ ಮನೆಯಲ್ಲಿ ಯಾರಿಗೂ ಹಿಂದಿ ಬರುವುದಿಲ್ಲ. ನಾನು ಅಣ್ಣನ ಕಡೆ ತಿರುಗಿ, "ಅಣ್ಣಾ, ಇದನ್ನ ಯಾವ ಭಾಷೇಲಿ ನೋಡ್ದೆ?" ಎಂದು ಕೇಳಿದೆ. ಅವನು ಅವರೆಕಾಯಿ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ಮುಖವಲ್ಲ, ತುಟಿ.

"ತೆಲುಗಲ್ಲೇ ಕಣ್ಲಾ. ನೀನೇ ಹೇಳಿದ್ಯಲ್ಲ. ಈಗ್ಲೂ ಅದೇ ಓಡ್ತಾ ಐತಲ್ಲ" ಎಂದ.

ಟೀವಿಯಲ್ಲಿ ಮುದುಕ ಹಿಂದಿಯಲ್ಲಿ ಜೋರಾಗಿ ನಕ್ಕು ಏನೋ ಹೇಳುತ್ತಿದ್ದ. ಮಗಳು ಕಿಸಕ್ಕನೆ ನಕ್ಕಳು, ಅಪ್ಪ ತಮಾಷೆ ಮಾಡಿತು ಎಂದುಕೊಂಡಳು. ಅವಳು ನಕ್ಕಿದ್ದನ್ನು ಕಂಡು ಅಣ್ಣನೂ ನಕ್ಕ. ಮೂರು ಭಾಷೆಯ ಮನೆಯಲ್ಲಿ ಇನ್ನೊಂದು ಭಾಷೆ ಬಂದು ಕೂತರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅತ್ತಿಗೆ ಅಡುಗೆಮನೆಯಿಂದ ಆ ಹಿಂದಿಯನ್ನು ಎಷ್ಟು ಭಾನುವಾರ ಕೇಳಿದ್ದರೋ, ಅಪ್ಪಮಗಳು ಏನೋ ಹಾಕಿಕೊಂಡಿದ್ದಾರೆ ಎಂದು ಬಿಟ್ಟಿದ್ದರು.

ಹೊಲ ನೋಡುವ ನೆಪದಲ್ಲಿ ಅಣ್ಣನನ್ನು ಹೊರಗೆ ಕರೆದುಕೊಂಡು ಹೋದೆ. ಪಂಪುಮನೆ ದಾಟಿದ ಮೇಲೆ ಅವನ ಹಿಂದೆ ನಾಲ್ಕು ಹೆಜ್ಜೆ ನಿಂತು, "ಅಣ್ಣಾ" ಎಂದೆ. ಅವನು ನಡೆಯುತ್ತಲೇ ಇದ್ದ. ಇನ್ನೂ ಜೋರಾಗಿ ಕರೆದೆ. ಬದುವಿನ ಮೇಲಿದ್ದ ಬೆಳ್ಳಕ್ಕಿ ಎದ್ದು ಹಾರಿತು, ಅಣ್ಣ ತಿರುಗಲಿಲ್ಲ. ನಾನು ಓಡಿಹೋಗಿ ಭುಜ ಹಿಡಿದೆ. ಅವನಿಗೆ ಅರ್ಥವಾಯಿತು. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ.

"ಹತ್ರ ಬಂದು ಜೋರಾಗಿ ಅಂದ್ರೆ ಸದ್ದು ಕೇಳ್ತದೆ. ಮಾತು ಕೇಳಲ್ಲ ಕಣ್ಲಾ. ಒಳಗೆ ಯಾವಾಗ್ಲೂ ಗುಂಯ್ ಅಂತಿರ್ತದೆ. ಟೀವಿ ಸದ್ದು ಯಾವ್ದೋ ಕಿವೀದು ಯಾವ್ದೋ ಗೊತ್ತೇ ಆಗಲ್ಲ" ಎಂದ.

ಕಾರ್ಖಾನೆಯವರು ಕಿವಿಗೆ ಹಾಕಿಕೊಳ್ಳಲು ಪ್ಲಗ್ಗು ಕೊಡುತ್ತಿದ್ದರು. ಅದನ್ನು ಹಾಕಿಕೊಂಡರೆ ಡೈ ಸವೆದದ್ದು ಕೇಳುವುದಿಲ್ಲವೆಂದು ಇವನೇ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಯಾವ ಕಿವಿಯಿಂದ ಅವನಿಗೆ ಹೆಸರು ಬಂದಿತ್ತೋ ಆ ಹೆಸರನ್ನು ಉಳಿಸಿಕೊಳ್ಳಲು ಹೋಗಿ ಕಿವಿಯನ್ನೇ ಕಳೆದುಕೊಂಡಿದ್ದ. ಈಗ ಪ್ರೆಸ್ಸಿನ ಮೈಗೆ ಅಂಗೈ ಒತ್ತಿ, ಅದುರುವುದರಿಂದ ಡೈಯ ಸ್ಥಿತಿ ಹೇಳುತ್ತಾನಂತೆ. ಆ ವಿಭಾಗದಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದರಿಂದ ಯಾರಿಗೂ ಗೊತ್ತಾಗಿಲ್ಲ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡುತ್ತಾರೆ. ಸದ್ದು ಕೇಳಿದಾಗ ಬೆರಳೆತ್ತಬೇಕು. "ಪರೀಕ್ಷೆ ಮಾಡೋ ಹುಡ್ಗಿ ಗುಂಡಿ ಒತ್ತುವಾಗ ಗಾಜಲ್ಲಿ ಭುಜ ಕಾಣ್ತದೆ. ಭುಜ ಅಲ್ಲಾಡ್ತು ಅಂದ್ರೆ ಬೆರಳೆತ್ತೋದು" ಎಂದು ಹೇಳಿದ. ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ಜಂಬವೂ ಇತ್ತು.

"ಅತ್ತಿಗೆಗಾದ್ರೂ ಹೇಳ್ಬಾರ್ದಾ?" ಎಂದೆ. ಎರಡು ಸಲ ಹೇಳಬೇಕಾಯಿತು.

"ಹೇಳಿದ್ರೆ ಏನಾಯ್ತದೆ? ಕಿವುಡ ಅಂತಾರೆ. ತಮಿಳಲ್ಲಿ ಸೆವಿಡ. ತೆಲುಗಲ್ಲಿ ಚೆವಿಟೋಡು. ಮೂರು ಭಾಷೇಲೂ ಒಂದೇ ಹೆಸ್ರು, ಎಲ್ಲೋದ್ರೂ ತಪ್ಪಿಸ್ಕೊಳ್ಳಕ್ಕಾಗಲ್ಲ." ಕಾಲ ಬಳಿಯ ಹುಲ್ಲೊಂದನ್ನು ಕಿತ್ತು, "ಊಟ ಆಯ್ತಜ್ಜ ನೆನಪೈತಾ?" ಎಂದ.

ಹೇಗೆ ಮರೆಯಲಿ. ನಾವು ಚಿಕ್ಕವರಿದ್ದಾಗ ಹಾಲಿನ ಡೈರಿಯ ಜಗಲಿಯ ಮೇಲೆ ಒಬ್ಬ ಮುದುಕ ಕೂತಿರುತ್ತಿದ್ದ, ಪೂರ್ತಿ ಕಿವುಡ. ನಮ್ಮ ಕಡೆ ಎದುರಿಗೆ ಸಿಕ್ಕವರನ್ನು ಮೊದಲು ಕೇಳುವುದು ಊಟ ಆಯ್ತಾ ಎಂದು. ಆದ್ದರಿಂದ ಯಾರ ತುಟಿ ಅಲ್ಲಾಡಿದರೂ ಆ ಮುದುಕ ಕೈಯೆತ್ತಿ "ಊಟ ಆಯ್ತು ಕಣಪ್ಪಾ" ಎನ್ನುತ್ತಿದ್ದ. ಅಣ್ಣ ಮತ್ತು ನಾನು ಶಾಲೆಯಿಂದ ಬರುವಾಗ ಅವನ ಮುಂದೆ ನಿಂತು, ಸ್ವರವಿಲ್ಲದೆ ಬರೀ ತುಟಿ ಆಡಿಸುತ್ತಿದ್ದೆವು. ಕೆಲವು ಸಲ ಕೆಟ್ಟ ಬೈಗುಳ. ಅವನು ನಗುನಗುತ್ತಾ ಊಟ ಆಯ್ತು ಎನ್ನುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆ ಆಟವನ್ನು ಕಂಡುಹಿಡಿದವನು ನಾನು.

"ಅಂಗಾಗೋಗ್ತೀನಿ ಅಂತ ಭಯ ಕಣ್ಲಾ" ಎಂದ ಅಣ್ಣ. ಅವನ ಬಾಯಲ್ಲಿ ಭಯ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕೈಯನ್ನು ಎಳೆದು ತನ್ನ ಅಂಗೈ ಮೇಲೆ ಇಟ್ಟುಕೊಂಡು, "ಅಮ್ಮನ ಮೇಲೆ ಆಣೆ. ಯಾರ ಹತ್ರಾನೂ ಬಾಯ್ಬುಡಬಾರ್ದು" ಎಂದ. ತೀರಿಹೋದ ಅಮ್ಮನ ಮೇಲೆ ಆಣೆ ಇಟ್ಟೆ. ಒಂದ್ಸಲ ನೋಡ್ಬೋದು ಎಂದು ಅವನು ಬರೆದಾಗಲೆಲ್ಲ ಅದು ಇನ್ನೊಂದು ಊಟ ಆಯ್ತು ಆಗಿತ್ತು ಎಂದು ನನಗೆ ಹೊಳೆದದ್ದು ವಾಪಸು ಬರುವಾಗ. ರಾಯಕೋಟೆ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಅತ್ತೆ.

ಅಲ್ಲಿಂದ ನನ್ನ ಶುಕ್ರವಾರದ ಕೆಲಸವೇ ಬೇರೆಯಾಯಿತು. ಅಣ್ಣನ ಕಂಪನಿ ಬಸ್ಸಿನಲ್ಲಿ ಸೋಮವಾರವೆಲ್ಲ ಸಿನಿಮಾ ಮಾತೇ ನಡೆಯುತ್ತದೆ, ಮಾತಿನಲ್ಲಿ ಸೇರದಿದ್ದರೆ ಅನುಮಾನ ಬರುತ್ತದೆ. ಆದ್ದರಿಂದ ನಾನು ಸಿನಿಮಾವನ್ನು ಕೊನೆಯ ಅಕ್ಷರದವರೆಗೆ ನೋಡಿ ಅವನಿಗೆ ಬರೆದು ಕಳಿಸತೊಡಗಿದೆ. ಕತೆ, ಯಾರು ಯಾರಿಗೆ ಏನು ಅಂದರು, ಎಲ್ಲಿ ಜನ ನಗುತ್ತಾರೆ. "ಇಂಟರ್ವೆಲ್‌ಗೆ ಮುಂಚೆ ಮಾವ ಟವೆಲ್ ಒದರ್ತಾನೆ, ಆಗ ಎಲ್ರೂ ನಗ್ತಾರೆ. ಎರಡನೇ ಹಾಡು ಚೆನ್ನಾಗಿಲ್ಲ ಅನ್ನು. ಕೊನೇಲಿ ಅವಳು ಹೇಳೋ ಮಾತು ಇಂಗೈತೆ, ಬಾಯಿಪಾಠ ಮಾಡ್ಕೋ." ಒಂದು ಸಲ ನಾನು ತೆಲುಗಿನಲ್ಲಿ ನೋಡಿ ಬರೆದಿದ್ದೆ, ಬಸ್ಸಿನವರು ತಮಿಳಿನಲ್ಲಿ ನೋಡಿದ್ದರು. ತಮಾಷೆಯ ಮಾತುಗಳೇ ಬೇರೆ. ಅಣ್ಣ ಒಂದನ್ನು ಹೇಳಿದರೆ ಎಲ್ಲರೂ ಅದು ಎಲ್ಲಿ ಬರುತ್ತದೆ ಎಂದು ಮುಖ ನೋಡಿದರಂತೆ. ಅಂದಿನಿಂದ ಎರಡೆರಡು ಭಾಷೆಯಲ್ಲಿ ನೋಡಿ ಬರೆದೆ. ನಾನು ಜೀವನದಲ್ಲಿ ಇಷ್ಟು ಶ್ರದ್ಧೆಯಿಂದ ಇನ್ನೇನನ್ನೂ ಮಾಡಿಲ್ಲ, ಮತ್ತು ಅದಷ್ಟೂ ಸುಳ್ಳಿಗೆ ಮಾಡಿದ ಸೇವೆ.

ಖುಷಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅಣ್ಣ ಮತ್ತೆ ನನ್ನವನಾಗಿದ್ದ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು. ಅವನು ಕೆಲಸ ಮಾಡುವ ಜಾಗದಲ್ಲಿ ಸರಕು ಎತ್ತುವ ಗಾಡಿಗಳು ಹಾರನ್ ಹೊಡೆದುಕೊಂಡು ಹಿಂದಕ್ಕೆ ಬರುತ್ತವೆ. ಆ ಹಾರನ್ ಸದ್ದನ್ನು ನಾನು ಬರೆದು ಕಳಿಸಲು ಆಗುವುದಿಲ್ಲವಲ್ಲ. ಶೆಡ್ಡಿನಲ್ಲಿ ಹೂವಿನ ಗಾಡಿ ಹಿಂದಕ್ಕೆ ಬಂದು ಕೂಗಿದಾಗಲೆಲ್ಲ ನನಗೆ ಅಣ್ಣನ ಬೆನ್ನು ಕಣ್ಣಮುಂದೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅತ್ತಿಗೆಯ ಫೋನು ಬಂತು. ಕಂಪನಿ ಬಸ್ಸಿಗೆಂದು ರಸ್ತೆ ದಾಟುವಾಗ ಹಾಲಿನ ಟೆಂಪೋದ ಕನ್ನಡಿ ಅಣ್ಣನ ಭುಜಕ್ಕೆ ಬಡಿದು ಅವನು ಬಿದ್ದುಬಿಟ್ಟಿದ್ದ. ಮೊಣಕೈ ತರಚಿತ್ತು, ಅಷ್ಟೇ. ಡ್ರೈವರು ಇಳಿದು, ಎಷ್ಟು ಹಾರನ್ ಹೊಡೆದೆ, ಸೆವಿಡನಾ ನೀನು ಎಂದು ಬೈದನಂತೆ. ಅಣ್ಣ ಏನೋ ಯೋಚನೆಯಲ್ಲಿದ್ದೆ ಎಂದು ಹೇಳಿದ್ದಾನೆ.

"ಏನ್ ಯೋಚ್ನೆ ಕಣಪ್ಪಾ ನಿಮ್ಮಣ್ಣಂಗೆ?" ಎಂದರು ಅತ್ತಿಗೆ. "ನಾನು ಒಂದು ಮಾತಾಡಿದ್ರೆ ಅದಕ್ಕೊಂದು ಉತ್ರ ಇಲ್ಲ. ಬೆನ್ನು ತಿರುಗಿಸ್ಕೊಂಡು ಹೋಗ್ಬುಡ್ತಾರೆ. ಎರಡು ವರ್ಷದಿಂದ ಇದೇ. ನಾನೇನ್ ತಪ್ಪು ಮಾಡ್ದೆ? ಬೇರೆ ಯಾರಾದ್ರೂ ಅವ್ರಾ? ನಿಂಗೆ ಗೊತ್ತಿರ್ತದೆ, ಹೇಳ್ಬುಡು. ಅಮ್ಮನ ಮನೆಗೆ ಹೋಗ್ಬುಡ್ತೀನಿ ನಾನು."

ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು ನನ್ನ ಪಾಡು. ಹೇಳಿದರೆ ಅಮ್ಮನ ಆಣೆ. ಹೇಳದಿದ್ದರೆ ಇವತ್ತು ಟೆಂಪೋದ ಕನ್ನಡಿ, ನಾಳೆ ಇನ್ನೇನೋ. ಜೊತೆಗೆ ಮಾತು ಕೇಳಿಸದ ಗಂಡನನ್ನು ಪ್ರೀತಿ ಇಲ್ಲದ ಗಂಡ ಎಂದು ತಿಳಿದು ಕೊರಗುತ್ತಿರುವ ಈ ಹೆಂಗಸು. ಇಡೀ ದಿನ ಶೆಡ್ಡಿನಲ್ಲಿ ತಪ್ಪು ತಪ್ಪು ಕಟ್ಟು ಕಟ್ಟಿಸಿದೆ. ಸಂಜೆಯ ಹೊತ್ತಿಗೆ ನನ್ನ ಕುತಂತ್ರದ ಬುದ್ಧಿ ಒಂದು ದಾರಿ ಕಂಡುಹಿಡಿಯಿತು. ಅಣ್ಣ ಹೇಳಿದ್ದು ಬಾಯಿ ಬಿಡಬಾರದು ಎಂದು ತಾನೆ? ನಾನು ಬಾಯಿ ಬಿಡುವುದಿಲ್ಲ. ನನ್ನ ಕೆಲಸವೇನು, ಸಿನಿಮಾ ಹೇಳುವುದು. ಅದನ್ನೇ ಮಾಡಿದರಾಯಿತು.

ಅತ್ತಿಗೆಗೆ ಮೆಸೇಜು ಬರೆದೆ. ಹೊಸದಾಗಿ ಬಂದಿದ್ದ ಒಂದು ಕನ್ನಡ ಸಿನಿಮಾದ ಹೆಸರು ಹೇಳಿ, "ಭಾನುವಾರ ಮಧ್ಯಾಹ್ನ ಅಣ್ಣನ ಜೊತೆ ಕೂತು ನೋಡಿ ಅತ್ತಿಗೆ. ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಟೀವಿ ಸದ್ದನ್ನ ಪೂರ್ತಿ ತೆಗೀರಿ. ಅಣ್ಣಂಗೆ ಏನೂ ಹೇಳ್ಬೇಡಿ. ಆಮೇಲೆ ಸಿನಿಮಾ ನೋಡ್ಬೇಡಿ, ಅಣ್ಣನ್ನ ನೋಡಿ" ಎಂದು ಕಳಿಸಿದೆ. ಕೊನೆಯಲ್ಲಿ ಅಭ್ಯಾಸಬಲದಿಂದ "ಒಂದ್ಸಲ ನೋಡ್ಬೋದು" ಎಂದೂ ಸೇರಿಸಿದೆ. ಎಂತಹ ಜಾಣ ನಾನು ಎಂದುಕೊಂಡೆ.

ಭಾನುವಾರ ಏನಾಯಿತೆಂದು ಅತ್ತಿಗೆ ಆಮೇಲೆ ಹೇಳಿದರು. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಹತ್ತು ನಿಮಿಷವಾದ ಮೇಲೆ ಇವರು ಸೆರಗಿನ ಕೆಳಗೆ ರಿಮೋಟು ಹಿಡಿದು ಸದ್ದು ತೆಗೆದರಂತೆ. ಮನೆಯಲ್ಲಿ ಫ್ಯಾನಿನ ಸದ್ದು, ಹೊರಗೆ ಕೋಳಿಗಳ ಸದ್ದು, ಅಷ್ಟೇ. ಅಣ್ಣ ಹಾಗೆಯೇ ಮುಂದಕ್ಕೆ ಬಾಗಿ ಕೂತು ನೋಡುತ್ತಿದ್ದ. ನಾನು ಬರೆದು ಕಳಿಸಿದ್ದ ಜಾಗ ಬಂದಾಗ ನಕ್ಕ. ಅರ್ಧ ಗಂಟೆ ಅತ್ತಿಗೆ ಅವನನ್ನೇ ನೋಡಿದರಂತೆ. ಆಮೇಲೆ ಅವನು ಇವರ ಕಡೆ ತಿರುಗಿ, "ಮಾತು ಚೆನ್ನಾಗಿ ಬರ್ದವ್ನೆ, ಅಲ್ವಾ?" ಎಂದನಂತೆ.

ಅತ್ತಿಗೆ ರಿಮೋಟನ್ನು ಸೆರಗಿನಿಂದ ತೆಗೆದು ಅವನ ಮುಂದೆ ಇಟ್ಟರು. ಪರದೆಯ ಮೂಲೆಯಲ್ಲಿ, ಅಲ್ಲಿಯವರೆಗೆ ಅವನು ಗಮನಿಸದಿದ್ದ, ಸದ್ದು ತೆಗೆದಿದೆ ಎನ್ನುವ ಗೀಟು ಹೊಡೆದ ಪುಟ್ಟ ಸ್ಪೀಕರಿನ ಚಿತ್ರ ಕಾಣುತ್ತಿತ್ತು. ಅದನ್ನು ಕಂಡು ಅಣ್ಣ ಮುಖ ಮುಚ್ಚಿಕೊಂಡನಂತೆ. ಇಬ್ಬರೂ ಅತ್ತರಂತೆ. "ನನ್ ಮೇಲೆ ಕೋಪ ಅಲ್ಲ ಅಂತ ಗೊತ್ತಾಯ್ತಲ್ಲ, ನಂಗೆ ಅಷ್ಟೇ ಸಾಕಾಗಿತ್ತು ಕಣಪ್ಪಾ" ಎಂದರು ಅತ್ತಿಗೆ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಅತ್ತಿಗೆ ಅವನನ್ನು ಹೊಸೂರಿನ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಹೋದದ್ದು ವಾಪಸು ಬರುವುದಿಲ್ಲ, ಯಂತ್ರ ಹಾಕಿಕೊಂಡರೆ ಉಳಿದದ್ದರಲ್ಲಿ ಕೆಲಸ ನಡೆಯುತ್ತದೆ ಎಂದರು ಡಾಕ್ಟರು. ಕಾರ್ಖಾನೆಯಲ್ಲಿ ಅಣ್ಣನೇ ಹೋಗಿ ಒಪ್ಪಿಕೊಂಡ. ಮನೆಗೆ ಕಳಿಸಲಿಲ್ಲ, ಡೈಗಳಿಗೆ ನಂಬರು ಬರೆದು ಜೋಡಿಸಿಡುವ ಸ್ಟೋರಿಗೆ ಹಾಕಿದರು. ಅಲ್ಲಿ ಗಾಡಿಗಳು ಹಿಂದಕ್ಕೆ ಬರುವುದಿಲ್ಲ. ಅತ್ತಿಗೆ ಈಗ ಅವನ ಎದುರಿಗೆ ಕೂತು ನಿಧಾನವಾಗಿ ಮಾತಾಡುತ್ತಾರೆ, ಅವನು ಉತ್ತರ ಕೊಡುತ್ತಾನೆ. ಡೈಯ ಸದ್ದು ಕೇಳಲು ಈಗ ಯಾರೂ ಅವನನ್ನು ಕರೆಯುವುದಿಲ್ಲ.

ನಾನು ಒಳ್ಳೆಯದನ್ನೇ ಮಾಡಿದೆ ಎಂದು ಎಲ್ಲರೂ ಹೇಳುತ್ತಾರೆ. ನನಗೂ ಹಾಗೆಯೇ ಅನ್ನಿಸುತ್ತಿತ್ತು, ಅಣ್ಣನಿಂದ ಒಂದು ಮೆಸೇಜು ಬರುವವರೆಗೆ. "ಬಾಯಿ ಬುಡ್ಲಿಲ್ಲ ನೀನು, ಸರಿ. ಆದ್ರೆ ಊಟ ಆಯ್ತಜ್ಜಂಗೆ ಮಾಡಿದ್ದನ್ನೇ ನಂಗೂ ಮಾಡ್ದೆ." ಅಷ್ಟೇ ಬರೆದಿದ್ದ. ಸ್ವರ ತೆಗೆದು ತುಟಿ ಆಡಿಸುವುದು, ಅವನು ಏನು ಹೇಳುತ್ತಾನೆಂದು ಕಾದು ನೋಡುವುದು. ಅದೇ ಆಟ. ಅತ್ತಿಗೆಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಣ್ಣನ ಮುಂದೆ ಕೂತು, ಆಣೆ ಮುರಿಯುತ್ತೇನೆ ಕಣಣ್ಣಾ, ಬೈದರೆ ಬೈಯಿ ಎಂದು ಹೇಳುವ ಗಂಡಸುತನ ನನಗಿರಲಿಲ್ಲ. ಅವನು ಯಾವುದಕ್ಕೆ ಹೆದರಿ ನನ್ನ ಕೈ ಹಿಡಿದಿದ್ದನೋ ಅದನ್ನೇ, ಅವನ ಮನೆಯಲ್ಲೇ, ಅವನ ಹೆಂಡತಿಯ ಕೈಯಿಂದಲೇ ಮಾಡಿಸಿದೆ.

ಶುಕ್ರವಾರದ ಮೆಸೇಜನ್ನು ನಾನು ನಿಲ್ಲಿಸಲಿಲ್ಲ. ಅವನು ಓದುತ್ತಾನೆ, ಉತ್ತರ ಬರೆಯುವುದಿಲ್ಲ. ಈಗ ನಾನು ಯಾರಿಗೂ ಅರ್ಧ ನೋಡಿದ ಸಿನಿಮಾ ಹೇಳುವುದಿಲ್ಲ, ಒಂದ್ಸಲ ನೋಡ್ಬೋದು ಎಂಬ ಮಾತನ್ನು ಆಡುವುದೇ ಇಲ್ಲ. ಶೆಡ್ಡಿನ ಹೆಂಗಸರು ಇವನಿಗೆ ಏನೋ ಆಗಿದೆ ಎನ್ನುತ್ತಾರೆ.

ಕಳೆದ ತಿಂಗಳು ಧೈರ್ಯ ಮಾಡಿ ಉದ್ದನಪಲ್ಲಿಗೆ ಹೋದೆ. ಅಣ್ಣ ಟೀವಿಯ ಮುಂದೆ ಕೂತಿದ್ದ. ಕಿವಿಯ ಹಿಂದೆ ಕಂದು ಬಣ್ಣದ ಪುಟ್ಟ ಯಂತ್ರ. ಬಾ ಎಂದ, ಕೂತ್ಕೋ ಎಂದ. ಅತ್ತಿಗೆ ಕಾಫಿ ತರಲು ಒಳಗೆ ಹೋದರು. ನನಗೆ ಬೇರೆ ಮಾತು ಬಾರದು, ಸಿನಿಮಾ ಮಾತು ತೆಗೆದೆ. "ಅಣ್ಣಾ, ಹೊಸ್ದೊಂದು ಬಂದೈತೆ, ನಮ್ ಕಡೆ ಮಾತು ಅಚ್ಚುಕಟ್ಟಾಗೈತೆ" ಎಂದು ಶುರುಮಾಡಿದೆ.

ಅಣ್ಣ ಕಿವಿಯಿಂದ ಯಂತ್ರವನ್ನು ತೆಗೆದ. ಒಂದು ಕಿವಿಯದು, ಆಮೇಲೆ ಇನ್ನೊಂದು ಕಿವಿಯದು. ಎರಡನ್ನೂ ಪುಟ್ಟ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ ಟೀಪಾಯಿಯ ಮೇಲಿಟ್ಟ. ಕಿವಿ ನೋಯುತ್ತಿರಬೇಕು ಎಂದುಕೊಂಡು ನಾನು ಮಾತಾಡುತ್ತಲೇ ಇದ್ದೆ. ಕೊನೆಗೆ, "ನೋಡ್ತೀಯಾ ಅಣ್ಣಾ? ಇಬ್ರೂ ಕೂತು ನೋಡೋಣ್ವಾ?" ಎಂದು ಕೇಳಿದೆ.

ಅವನು ನನ್ನ ತುಟಿಯನ್ನೇ ನೋಡಿದ. ನನ್ನ ತುಟಿಯನ್ನು ಓದಲು ಈಗ ಅವನಿಗೆ ಒಂದಕ್ಷರ ಬಿಡದೆ ಬರುತ್ತದೆ. ಆಮೇಲೆ ಡೈರಿಯ ಜಗಲಿಯ ಮೇಲೆ ಕೂತವನ ಹಾಗೆ ನಿಧಾನವಾಗಿ ಕೈಯೆತ್ತಿ, "ಊಟ ಆಯ್ತು ಕಣಪ್ಪಾ" ಎಂದ.